ಟ್ರೈಲರಿನ ಗಾಲಿಯ ಹಬ್‌ಗೆ ಮನೆಯಲ್ಲಿಯೇ ಗ್ರೀಸು ಹಾಕುವ ಕ್ರಮ

ಎತ್ತಿನ ಗಾಡಿಯುಳ್ಳ ರೈತನಿಗೆ ಕೀಲೆಣ್ಣೆಯ ವಿಷಯವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸಂತೆಗೆ ಹೊರಡುವ ಮುನ್ನ ಕಡಾಣಿಯನ್ನು ಕಿತ್ತು, ಗಾಲಿಯನ್ನು ಕೆಲವು ಬೆರಳಿನಷ್ಟು ಹೊರಕ್ಕೆ ಸರಿಸಿ, ಅಚ್ಚಿನ ಮೇಲೆ ಕೀಲೆಣ್ಣೆಯನ್ನು ಸವರಿ, ಪುನಃ ಗಾಲಿಯನ್ನು ಒಳಕ್ಕೆ ತಳ್ಳಿ ಕಡಾಣಿಯನ್ನು ಹಾಕುವ ಕೆಲಸವು ಮನೆಯ ಹುಡುಗರಿಗೂ ತಿಳಿದಿದ್ದಿತು. ಒಂದು ವೇಳೆ ಮರೆತರೆ ಗಾಡಿಯೇ ಅದನ್ನು ನೆನಪಿಗೆ ತರುತ್ತಿದ್ದಿತು. ಒಣಗಿದ ಅಚ್ಚಿನ ಕಿರುಗುಟ್ಟುವಿಕೆಯು ಊರಾಚೆಗೂ ಕೇಳುತ್ತಿದ್ದುದಲ್ಲದೆ, ಎತ್ತುಗಳು ಹೆಗಲು ಕೊಡುವುದಕ್ಕೆ ಹಿಂದೆಗೆಯುತ್ತಿದ್ದವು. ಈಗ ಎತ್ತಿನ ಸ್ಥಳಕ್ಕೆ ಟ್ರಾಕ್ಟರು ಬಂದಿದೆ. ನಲವತ್ತು ಕುದುರೆಗಳ ಬಲವುಳ್ಳ ಯಂತ್ರಕ್ಕೆ ಒಂದು ಗಾಲಿಯು ಬಿಗಿಯಾಗಿ ಓಡುತ್ತಿದೆಯೆಂಬುದು ತಿಳಿಯುವುದೇ ಇಲ್ಲ. ಗಾಲಿಯ ಕೂಗನ್ನು ಯಂತ್ರದ ಸದ್ದು ಮುಚ್ಚಿಬಿಡುತ್ತದೆ. ಆದುದರಿಂದ ಹಿಂದೆ ಎತ್ತು ಮಾಡುತ್ತಿದ್ದ ಕೆಲಸವನ್ನು, ಎಂದರೆ ಗಾಲಿಯ ಕಷ್ಟವನ್ನು ಮೊದಲೇ ಕಂಡುಕೊಳ್ಳುವ ಕೆಲಸವನ್ನು, ಈಗ ಟ್ರೈಲರಿನ ಯಜಮಾನನೇ ಮಾಡಬೇಕಾಗಿದೆ.

ಹೆಗ್ಗಡದೇವನಕೋಟೆ ತಾಲ್ಲೂಕಿನ ಹಂಪಾಪುರ ಹೋಬಳಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇಲ್ಲಿ ಹತ್ತಿ, ರಾಗಿ, ಹೊಗೆಸೊಪ್ಪು, ಬತ್ತ, ಕಬ್ಬು, ಬಾಳೆ ಮುಂತಾದ ಪೈರುಗಳು ಬೆಳೆಯುತ್ತವೆ. ಮುಂಗಾರಿಗೆ ಮೊದಲು ತಿಪ್ಪೆಯ ಗೊಬ್ಬರ, ಮಳೆಗಾಲದಲ್ಲಿ ಬಿತ್ತನೆಯ ಮತ್ತು ರಸಗೊಬ್ಬರದ ಮೂಟೆ, ಹೊಗೆಸೊಪ್ಪಿನ ಬ್ಯಾರನ್ನುಗಳಿಗೆ ಸೌದೆ, ಕಾರ್ತಿಕ ಮಾರ್ಗಶಿರಗಳಲ್ಲಿ ರಾಗಿಯ ಮೆದೆ, ಆಮೇಲೆ ಬತ್ತ ಮತ್ತು ಹುಲ್ಲು, ಹೀಗೆ ವರ್ಷದ ಬಹುಭಾಗ ಟ್ರೈಲರಿಗೆ ಬಿಡುವಿರುವುದಿಲ್ಲ. ನೆರೆಯ ಹುಣಸೂರು ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪಿನ ಕಾಲದಲ್ಲಿ ಈ ಓಡಾಟವು ಇನ್ನೂ ಹೆಚ್ಚು. ದಾರಿಯೂ ಒಂದೇ ಬಗೆಯದಲ್ಲ. ಕೆಂಪು ಮಣ್ಣಿನ ಧೂಳು, ಎರೆಮಣ್ಣಿನ ಕೆಸರು, ಗದ್ದೆಯ ಬದು, ಹಳ್ಳದ ನೀರು ಇವೆಲ್ಲವನ್ನೂ ದಾಟಿದ ಮೇಲೆಯೇ ಟಾರು ರಸ್ತೆ ಸಿಕ್ಕುವುದು. ಹಬ್‌ನೊಳಗಿನ ಬೇರಿಂಗಿಗೆ ಇವುಗಳಲ್ಲಿ ಧೂಳು ಮತ್ತು ನೀರು ಎಂಬ ಎರಡು ಮಾತ್ರ ಶತ್ರುಗಳು. ಹೊರೆಯನ್ನು ಅದು ಸಹಿಸಿಕೊಳ್ಳಬಲ್ಲದು.

ಸಾಮಾನ್ಯವಾಗಿ ಬಳಕೆಯಲ್ಲಿರುವ ಟ್ರೈಲರಿನ ಟೈರು ಒಂದು ಸುತ್ತು ಸುತ್ತಿದರೆ ಸುಮಾರು ಎರಡೂವರೆ ಮೀಟರು ಮುಂದಕ್ಕೆ ಹೋಗುತ್ತದೆ. ಹತ್ತು ಕಿಲೋಮೀಟರಿನ ಪ್ರಯಾಣಕ್ಕೆ ಸುಮಾರು ೪,೦೦೦ ಸುತ್ತು. ಈ ಪ್ರತಿಯೊಂದು ಸುತ್ತಿನಲ್ಲಿಯೂ ಟನ್ನುಗಟ್ಟಲೆ ಭಾರವು ಬೆರಳಿನ ಗಾತ್ರದ ಕೆಲವು ಉಕ್ಕಿನ ರೋಲರುಗಳ ಮೇಲೆಯೇ ನಿಂತಿರುತ್ತದೆಂಬುದನ್ನು ಯೋಚಿಸಿದರೆ, ಅವುಗಳ ನಡುವೆ ಇರುವ ತೆಳುವಾದ ಗ್ರೀಸಿನ ಪೊರೆಗೆ ಎಷ್ಟು ಬೆಲೆಯುಂಟೆಂಬುದು ತಾನಾಗಿಯೇ ತಿಳಿಯುವುದು.

ಹಬ್‌ನ ಒಳಗಿರುವ ಭಾಗಗಳು

ಎತ್ತಿನ ಗಾಡಿಯಲ್ಲಿ ಗುಂಬವೆಂದು ಯಾವುದನ್ನು ಕರೆಯುವೆವೋ ಅದೇ ಟ್ರೈಲರಿನಲ್ಲಿ ಹಬ್. ಮರದ ಗುಂಬದೊಳಗೆ ಕಬ್ಬಿಣದ ಕೊಳವೆಯಿದ್ದು ಅದು ಅಚ್ಚಿನ ಮೇಲೆ ನೇರವಾಗಿ ಉಜ್ಜಿಕೊಂಡು ತಿರುಗುತ್ತದೆ. ಟ್ರೈಲರಿನ ಹಬ್‌ನಲ್ಲಾದರೋ ಉಜ್ಜುವಿಕೆಗೆ ಬದಲಾಗಿ ಉರುಳುವಿಕೆಯ ಏರ್ಪಾಡಿದೆ. ಅಚ್ಚಿನ ತುದಿಯಲ್ಲಿ ಒಳಗಡೆ ದೊಡ್ಡದೊಂದು, ಹೊರಗಡೆ ಚಿಕ್ಕದೊಂದು, ಹೀಗೆ ಎರಡು ಬೇರಿಂಗುಗಳಿರುತ್ತವೆ. ಒಂದೊಂದರಲ್ಲಿಯೂ ಅಚ್ಚಿನ ಮೇಲೆ ಕೂರುವ ಒಳಬಳೆ, ಹಬ್‌ನಲ್ಲಿ ಬಿಗಿಯಾಗಿ ಕೂತಿರುವ ಹೊರಬಳೆ, ಇವುಗಳ ನಡುವೆ ತಗಡಿನ ಗೂಡಿನಲ್ಲಿ ಸಾಲಾಗಿ ಜೋಡಿಸಿದ ರೋಲರುಗಳು ಇರುತ್ತವೆ. ಅಂಗಡಿಯವರು ಒಳಬಳೆಯನ್ನು ಕೋನ್ ಎಂದೂ, ಹೊರಬಳೆಯನ್ನು ಕಪ್ ಎಂದೂ ಕರೆಯುವರು. ರೋಲರುಗಳು ಒಂದು ಕಡೆ ಸ್ವಲ್ಪ ಸಣ್ಣವಾಗಿ ಓರೆಯಾಗಿರುವುದನ್ನು ಗಮನಿಸಬೇಕು.

ಈ ಓರೆಗೆ ಒಂದು ಕಾರಣವುಂಟು. ಅಮೆರಿಕದ ಸೇಂಟ್ ಲೂಯಿ ಪಟ್ಟಣದಲ್ಲಿ ಕುದುರೆಗಾಡಿಗಳನ್ನು ಮಾಡುತ್ತಿದ್ದ ಹೆನ್ರಿ ಟಿಮ್ಕನ್ ಎಂಬಾತನು, ಗಾಡಿಯು ತಿರುವಿನಲ್ಲಿ ಹೊರಳುವಾಗ ಗಾಲಿಯ ಮೇಲೆ ಮೇಲಿನಿಂದಲ್ಲದೆ ಪಕ್ಕದಿಂದಲೂ ಭಾರ ಬೀಳುವುದನ್ನು ಕಂಡು, ಎರಡನ್ನೂ ತಡೆಯಬಲ್ಲ ಓರೆ ರೋಲರಿನ ಬೇರಿಂಗಿಗೆ ೧೮೯೮ರಲ್ಲಿ ಹಕ್ಕುಪತ್ರವನ್ನು ಪಡೆದನು. ಹೀಗೆ ಮೋಟಾರಿನ ಕಾಲಕ್ಕೆ ಸೇರಿದ್ದೆಂದು ನಾವು ಭಾವಿಸುವ ಈ ವಸ್ತುವು ಹುಟ್ಟಿದ್ದು ಗಾಡಿಯವನ ಬುದ್ಧಿಯಿಂದಲೇ. ಟೈರು ಹಾಕಿದ ಎತ್ತಿನ ಗಾಡಿಗಳಲ್ಲಿಯೂ ಬೇರಿಂಗುಳ್ಳ ಹಬ್‌ಗಳೇ ಇರುವುದರಿಂದ, ಇಲ್ಲಿ ಹೇಳುವ ಕ್ರಮವು ಅವುಗಳಿಗೂ ಬಹುಮಟ್ಟಿಗೆ ಅನ್ವಯಿಸುತ್ತದೆ.

ಹಬ್‌ನ ಒಳಬದಿಯಲ್ಲಿ ಆಯಿಲ್ ಸೀಲು ಎಂಬ ರಬ್ಬರಿನ ಬಳೆಯಿದ್ದು, ಗ್ರೀಸು ಹೊರಕ್ಕೆ ಹೋಗದಂತೆಯೂ ಧೂಳು ನೀರುಗಳು ಒಳಕ್ಕೆ ಬಾರದಂತೆಯೂ ತಡೆಯುತ್ತದೆ. ಹೊರಬದಿಯಲ್ಲಿ ತಗಡಿನ ಮುಚ್ಚಳವಿರುತ್ತದೆ. ಮುಚ್ಚಳದ ಹಿಂದೆ ತಲೆಯಲ್ಲಿ ಕಚ್ಚುಗಳುಳ್ಳ ದೊಡ್ಡ ನಟ್ಟು, ಅದರಡಿಯಲ್ಲಿ ವಾಷರು, ನಟ್ಟು ತಿರುಗದಂತೆ ಅಡ್ಡಲಾಗಿ ಹಾಕಿದ ಸ್ಪ್ಲಿಟ್ ಪಿನ್ನು ಇರುತ್ತವೆ. ಈ ಪಿನ್ನೇ ಟ್ರೈಲರಿನ ಕಡಾಣಿ.

ಕೆಡುವ ಬಗೆ

ಹಬ್ ಒಂದೇ ದಿನದಲ್ಲಿ ಕೆಡುವುದಿಲ್ಲ. ಮೊದಲು ಸೀಲಿನ ತುಟಿ ಸವೆಯುತ್ತದೆ. ಅನಂತರ ನೀರು ಒಳಸೇರಿ ಗ್ರೀಸು ಮಜ್ಜಿಗೆಯಂತೆ ಬೆಳ್ಳಗಾಗುತ್ತದೆ. ರೋಲರುಗಳ ಮೇಲೆ ತುಕ್ಕಿನ ಚುಕ್ಕೆಗಳು ಹುಟ್ಟಿ, ಆ ಸ್ಥಳದಲ್ಲಿ ಉಕ್ಕು ಚೂರುಚೂರಾಗಿ ಏಳುತ್ತದೆ. ಚೂರು ಗ್ರೀಸಿನಲ್ಲಿ ಬೆರೆತು ಮಿಕ್ಕ ಭಾಗವನ್ನೂ ತೇಯುತ್ತದೆ. ಹಬ್ ಕಾಯುತ್ತದೆ, ಕಾದ ಗ್ರೀಸು ತೆಳುವಾಗಿ ಸೋರಿಹೋಗುತ್ತದೆ. ಕಡೆಗೆ ಗೂಡು ಒಡೆದು ರೋಲರುಗಳು ಒಂದರ ಮೇಲೊಂದು ಬಿದ್ದು ಸಿಕ್ಕಿಕೊಳ್ಳುತ್ತವೆ, ಒಳಬಳೆಯು ಅಚ್ಚಿನ ಮೇಲೆಯೇ ಸುತ್ತಿ ಅದನ್ನು ಕೊರೆಯುತ್ತದೆ, ನಟ್ಟು ಪಿನ್ನುಗಳು ಹರಿದು ಗಾಲಿಯು ಕಳಚುತ್ತದೆ. ಕಳಚಿದ ಗಾಲಿಯು ಟ್ರೈಲರಿಗಿಂತ ಮುಂದಾಗಿ ಓಡುವುದುಂಟು. ಎದುರಿಗೆ ಯಾರಿದ್ದಾರೆಂಬುದನ್ನು ಅದು ನೋಡುವುದಿಲ್ಲ. ಟ್ರೈಲರಿನಲ್ಲಿ ಆಳುಗಳನ್ನು ಕೂರಿಸಿಕೊಂಡು ಹೋಗುವುದು ಕಾನೂನಿಗೆ ವಿರೋಧವಾದರೂ ನಾಟಿ ಕೊಯ್ಲುಗಳ ಕಾಲದಲ್ಲಿ ನಡೆಯುತ್ತಲೇ ಇದೆ. ಅಂಥ ಹೊತ್ತಿನಲ್ಲಿ ಗಾಲಿ ಕಳಚಿದರೆ ಆಗುವ ಅನಾಹುತವನ್ನು ಬರೆದು ತೋರಿಸಬೇಕಾಗಿಲ್ಲ. ಜೀವಕ್ಕೆ ಅಪಾಯವಾಗದಿದ್ದರೂ, ಒಂದು ಸೀಲಿನ ಅಲ್ಪ ಖರ್ಚಿನಲ್ಲಿ ಮುಗಿಯಬೇಕಾದುದು ಎರಡು ಬೇರಿಂಗು, ಒಂದು ಹಬ್ ಮತ್ತು ಅಚ್ಚಿನ ದುರಸ್ತಿಯವರೆಗೆ ಬೆಳೆಯುತ್ತದೆ. ಅದೂ ಕೊಯ್ಲಿನ ನಡುವೆ.

ಇಲ್ಲಿ ಒಂದು ಅಭ್ಯಾಸವನ್ನು ಮುಖ್ಯವಾಗಿ ಎತ್ತಿ ಹೇಳಬೇಕಾಗಿದೆ. ದೂರದಿಂದ ಹೊರೆಯನ್ನು ಎಳೆದು ಬಂದೊಡನೆಯೇ ಟ್ರೈಲರನ್ನು ಕಾಲುವೆಗೋ ಕೆರೆಗೋ ಇಳಿಸಿ ತೊಳೆಯುವವರು ಬಹುಮಂದಿ ಇದ್ದಾರೆ. ಓಡಿದ ಹಬ್ ಬೆಚ್ಚಗಿದ್ದು ಅದರೊಳಗಿನ ಗಾಳಿಯು ಹಿಗ್ಗಿರುತ್ತದೆ. ತಣ್ಣೀರಿನಲ್ಲಿ ಮುಳುಗಿದೊಡನೆ ಆ ಗಾಳಿಯು ಕುಗ್ಗಿ ಸೀಲಿನ ಸಂದಿನಿಂದ ನೀರನ್ನು ಒಳಕ್ಕೆ ಹೀರಿಕೊಳ್ಳುತ್ತದೆ. ಹೊರಗಿನ ಕೆಸರು ಹೋಯಿತೆಂದು ನಾವು ಸಂತೋಷಪಡುತ್ತಿರುವಾಗ ಒಳಗೆ ತುಕ್ಕಿಗೆ ಬೀಜ ಬಿದ್ದಿರುತ್ತದೆ. ಹಬ್‌ನ ಮೇಲೆ ಕೈಯಿಟ್ಟು ನೋಡಿ ತಣ್ಣಗಾದ ಮೇಲೆಯೇ ನೀರಿಗೆ ಇಳಿಸತಕ್ಕದ್ದು. ಹಳ್ಳವನ್ನು ದಾಟಲೇಬೇಕಾದಲ್ಲಿ ಬೇರೆ ಉಪಾಯವಿಲ್ಲ; ಅಂಥ ಟ್ರೈಲರಿಗೆ ಹೆಚ್ಚು ಸಾರಿ ಗ್ರೀಸು ಬೇಕಾಗುತ್ತದೆ.

ಯಾವ ಗ್ರೀಸು?

ಹಿಂದಿನವರ ಕೀಲೆಣ್ಣೆಯು ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿಯನ್ನು ಕಲಸಿದ ಪದಾರ್ಥ. ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಯ ಕೆಳಗೆ ತೂಗುಬಿಡುತ್ತಿದ್ದರು. ಹರಳೆಣ್ಣೆಯು ಮಿಕ್ಕ ಎಣ್ಣೆಗಳಿಗಿಂತ ಮಂದವಾಗಿ ಲೋಹಕ್ಕೆ ಅಂಟಿಕೊಳ್ಳುವುದೆಂಬುದನ್ನು ಅವರು ಅನುಭವದಿಂದ ಅರಿತಿದ್ದರು. ಈಗಿನ ಗ್ರೀಸೂ ತತ್ತ್ವದಲ್ಲಿ ಅಂಥದ್ದೇ. ಎಣ್ಣೆಯನ್ನು ಒಂದು ಬಗೆಯ ಸಾಬೂನಿನೊಳಗೆ ಹಿಡಿದಿಟ್ಟರೆ ಗ್ರೀಸಾಗುತ್ತದೆ. ಸಾಬೂನು ಎಣ್ಣೆಯನ್ನು ಸ್ಪಂಜಿನಂತೆ ಹಿಡಿದುಕೊಂಡಿದ್ದು ಬೇಕಾದಾಗ ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ಸುಣ್ಣದ ಅಂಶದಿಂದಾದ ಸಾಬೂನಿನ ಹಳೆಯ ಬಗೆಯ ಗ್ರೀಸು ನೀರನ್ನು ಚೆನ್ನಾಗಿ ತಡೆಯುತ್ತದಾದರೂ ಕಾವನ್ನು ತಡೆಯಲಾರದು. ಕಾದರೆ ಎಣ್ಣೆ ಬೇರೆ, ಸಾಬೂನು ಬೇರೆಯಾಗುತ್ತದೆ. ಸೋಡಿಯಂ ಸಾಬೂನಿನದು ಕಾವನ್ನು ಸಹಿಸಿದರೂ ನೀರಿನಲ್ಲಿ ಕರಗುತ್ತದೆ. ಲಿಥಿಯಂ ಎಂಬ ಲೋಹದ ಸಾಬೂನಿನಿಂದ ಎರಡನ್ನೂ ತಡೆಯುವ ಗ್ರೀಸಾಗುವುದೆಂದು ಅಮೆರಿಕದ ಕ್ಲಾರೆನ್ಸ್ ಅರ್ಲ್ ೧೯೪೨ರಲ್ಲಿ ಹಕ್ಕುಪತ್ರ ಪಡೆದನು. ಇಂದು ಲಿಥಿಯಂ ಗ್ರೀಸಿಗೆ ಸಾಮಾನ್ಯವಾಗಿ ಬಳಸುವ ಕೊಬ್ಬಿನ ಆಮ್ಲವನ್ನು ತೆಗೆಯುವುದು ಹರಳೆಣ್ಣೆಯಿಂದಲೇ! ನಮ್ಮ ರಾಗಿ ಹೊಲದ ಅಂಚಿನಲ್ಲಿ ಬೆಳೆಯುವ ಹರಳು ಗಿಡವು ಗಾಡಿಯ ಗಾಲಿಯನ್ನು ಇನ್ನೂ ಬಿಟ್ಟಿಲ್ಲವೆಂಬುದು ಈ ಲೇಖಕನಿಗೆ ಬಹಳ ಹಿಡಿಸಿದ ಸಂಗತಿ.

ಆದುದರಿಂದ ಅಂಗಡಿಯಲ್ಲಿ ಗಾಲಿಯ ಬೇರಿಂಗಿಗೆ ತಕ್ಕ ಲಿಥಿಯಂ ಗ್ರೀಸನ್ನು ಕೇಳಬೇಕು. ಡಬ್ಬಿಯ ಮೇಲೆ ಎನ್.ಎಲ್.ಜಿ.ಐ. ೨ ಎಂದಿದ್ದರೆ ಅದು ಹೊಸ ಬೆಣ್ಣೆಯ ಹದದ್ದೆಂದು ತಿಳಿಯಬೇಕು. ಟ್ರೈಲರಿಗೆ ಅದೇ ಸರಿ. ಟ್ರಾಕ್ಟರಿನಿಂದ ಇಳಿಸಿದ ಹಳೆಯ ಇಂಜಿನ್ ಆಯಿಲನ್ನು ಹಬ್‌ಗೆ ಸುರಿಯುವುದು ಉಳಿತಾಯವಲ್ಲ. ಅದು ತೆಳುವಾಗಿ ಸೋರಿಹೋಗುವುದಲ್ಲದೆ ಲೋಹದ ನುಣುಪಾದ ಪುಡಿಯನ್ನೂ ಮಸಿಯನ್ನೂ ಹೊತ್ತಿರುತ್ತದೆ. ಹಳೆಯ ಗ್ರೀಸಿನ ಮೇಲೆ ಬೇರೆ ಜಾತಿಯ ಗ್ರೀಸನ್ನು ಮೆತ್ತುವುದೂ ಸಲ್ಲದು. ಎರಡು ಜಾತಿಯ ಸಾಬೂನುಗಳು ಬೆರೆತಾಗ ಕೆಲವು ವೇಳೆ ಎರಡೂ ಕೆಟ್ಟು ನೀರಾಗುತ್ತವೆ.

ಬಿಚ್ಚುವ ಮುನ್ನ

ಸಾಮಾನು ಬಹಳ ಬೇಕಾಗಿಲ್ಲ. ಜಾಕು, ಗಾಲಿಯ ನಟ್ಟಿನ ಸ್ಪ್ಯಾನರು, ಅಚ್ಚಿನ ದೊಡ್ಡ ನಟ್ಟಿಗೆ ಹೊಂದುವ ಸ್ಪ್ಯಾನರು, ಇಕ್ಕಳ, ಸುತ್ತಿಗೆ, ಒಂದು ಮರದ ತುಂಡು, ಅಗಲವಾದ ಬೋಗುಣಿ, ಒಂದೆರಡು ಲೀಟರು ಡೀಸೆಲ್, ನೂಲು ಬಿಡದ ಹಳೆಯ ಬಟ್ಟೆ, ಹೊಸ ಸೀಲುಗಳು, ಹೊಸ ಪಿನ್ನುಗಳು ಇದ್ದರೆ ಸಾಕು.

ಟ್ರೈಲರು ಖಾಲಿಯಾಗಿರಬೇಕು, ನೆಲವು ಗಟ್ಟಿಯಾಗಿ ಸಮವಾಗಿರಬೇಕು. ಎರಡು ಗಾಲಿಯ ಟ್ರೈಲರಾದರೆ ಅದನ್ನು ಟ್ರಾಕ್ಟರಿನಿಂದ ಕಳಚಬಾರದು. ಟ್ರಾಕ್ಟರಿಗೆ ಬ್ರೇಕು ಹಾಕಿ, ಎತ್ತದ ಗಾಲಿಗೆ ಹಿಂದೆಯೂ ಮುಂದೆಯೂ ಕಲ್ಲು ಕೊಡಬೇಕು. ಗಾಲಿಯು ನೆಲದ ಮೇಲಿರುವಾಗಲೇ ಅದರ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ, ಆಮೇಲೆ ಅಚ್ಚಿನ ಕೆಳಗೆ ಜಾಕಿಟ್ಟು ಎತ್ತಬೇಕು. ಎತ್ತಿದ ಮೇಲೆ ದಪ್ಪನೆಯ ಮರದ ದಿಮ್ಮಿಗಳನ್ನು ಅಡ್ಡಡ್ಡಲಾಗಿ ಪೇರಿಸಿ ಅಚ್ಚನ್ನು ಅವುಗಳ ಮೇಲೆ ಕೂರಿಸಬೇಕು. ಜಾಕೊಂದನ್ನೇ ನಂಬಿ ಕೈಯನ್ನಾಗಲಿ ತಲೆಯನ್ನಾಗಲಿ ಕೆಳಗಿಡಲೇಬಾರದು. ಇಟ್ಟಿಗೆ, ಕಾಡುಕಲ್ಲುಗಳು ಭಾರಕ್ಕೆ ಒಮ್ಮೆಲೇ ಸಿಡಿಯುವುದರಿಂದ ಅವು ದಿಮ್ಮಿಗೆ ಬದಲಾಗಲಾರವು.

ಗಾಲಿಯು ಮೇಲಿರುವಾಗ ಕೈಯಿಂದ ತಿರುಗಿಸಿ ಕಿವಿಗೊಟ್ಟು ಕೇಳಬೇಕು. ಒಳ್ಳೆಯ ಬೇರಿಂಗು ಮೃದುವಾಗಿ ಉರುಳುತ್ತದೆ. ಕೆಟ್ಟದ್ದು ರಾಗಿಕಲ್ಲಿನಂತೆ ಗರಗರನೆ ಸದ್ದು ಮಾಡುತ್ತದೆ. ಟೈರಿನ ಮೇಲುಭಾಗವನ್ನೂ ಕೆಳಭಾಗವನ್ನೂ ಹಿಡಿದು ಅಲ್ಲಾಡಿಸಿದರೆ ಸಡಿಲವು ಗೊತ್ತಾಗುತ್ತದೆ. ತಿಂಗಳಿಗೊಮ್ಮೆ ಇಷ್ಟನ್ನು ಮಾತ್ರ ಮಾಡಿದರೂ ಬಹಳ ಉಪಕಾರ.

ಬಿಚ್ಚಿ ತೊಳೆದು ನೋಡುವುದು

ಗಾಲಿಯನ್ನು ತೆಗೆದಿಟ್ಟು, ಮುಚ್ಚಳವನ್ನು ಸುತ್ತಲೂ ಮೆಲ್ಲಗೆ ತಟ್ಟಿ ಬಿಡಿಸಬೇಕು. ಪಿನ್ನಿನ ಕಾಲುಗಳನ್ನು ನೆಟ್ಟಗೆ ಮಾಡಿ ಎಳೆದು, ನಟ್ಟನ್ನೂ ವಾಷರನ್ನೂ ತೆಗೆಯಬೇಕು. ಹಬ್ಬನ್ನು ಒಂದು ಬೆರಳಿನಷ್ಟು ಮುಂದಕ್ಕೆಳೆದು ಮತ್ತೆ ಹಿಂದಕ್ಕೆ ನೂಕಿದರೆ ಹೊರಗಿನ ಬೇರಿಂಗು ತಾನಾಗಿ ಕೈಗೆ ಬರುತ್ತದೆ. ಆಮೇಲೆ ಹಬ್ಬನ್ನು ಎರಡು ಕೈಗಳಿಂದ ನೇರವಾಗಿ ಎಳೆದುಕೊಳ್ಳಬೇಕು. ಅದನ್ನು ಮರದ ಮೇಲೆ ಬೋರಲಿಟ್ಟು ಒಳಗಡೆಯಿಂದ ಮರದ ತುಂಡಿನಿಂದ ತಟ್ಟಿದರೆ ಸೀಲೂ ಒಳಬೇರಿಂಗೂ ಬಿಡುತ್ತವೆ. ಒಮ್ಮೆ ತೆಗೆದ ಸೀಲನ್ನು ಪುನಃ ಹಾಕಬಾರದು. ಒಂದು ಹಬ್‌ನ ಕೆಲಸ ಮುಗಿಯುವವರೆಗೆ ಮತ್ತೊಂದನ್ನು ಬಿಚ್ಚದಿರುವುದು ಲೇಸು. ಎಡದ ಬೇರಿಂಗು ಬಲಕ್ಕೆ ಹೋದರೆ, ತನ್ನ ಹೊರಬಳೆಯೊಡನೆ ಸವೆದು ಹೊಂದಿಕೊಂಡಿದ್ದ ಜೋಡಿಯು ತಪ್ಪುತ್ತದೆ.

ಬೇರಿಂಗುಗಳನ್ನು ಡೀಸೆಲಿನಲ್ಲಿ ನೆನೆಸಿ, ಹಳೆಯ ಗ್ರೀಸು ಒಂದು ಎಳೆಯೂ ಉಳಿಯದಂತೆ ಸಣ್ಣ ಬ್ರಷ್ಷಿನಿಂದ ತೊಳೆಯಬೇಕು. ಬೇಗ ಒಣಗುವುದೆಂದು ಪೆಟ್ರೋಲನ್ನು ಬಳಸುವುದು ಬೆಂಕಿಯನ್ನು ಕರೆದಂತೆ. ತೊಳೆದ ಬೇರಿಂಗನ್ನು ಬಟ್ಟೆಯಿಂದ ಒರಸಿ ನೆರಳಿನಲ್ಲಿ ಒಣಗಿಸಬೇಕು. ಗಾಳಿಯ ಯಂತ್ರದ ಕೊಳವೆಯನ್ನು ಹಿಡಿದು ಬೇರಿಂಗನ್ನು ಬಗುರಿಯಂತೆ ಸುತ್ತಿಸುವ ಚಟ ಕೆಲವರಿಗಿದೆ. ಎಣ್ಣೆಯಿಲ್ಲದೆ ಸುತ್ತಿದ ಬೇರಿಂಗು ಕ್ಷಣಮಾತ್ರದಲ್ಲಿ ಗೀಚಿಹೋಗುತ್ತದೆ, ರೋಲರು ಹಾರಿ ಕಣ್ಣಿಗೂ ತಗುಲೀತು.

ಈಗ ಬೆಳಕಿನಲ್ಲಿ ಹಿಡಿದು ನೋಡತಕ್ಕದ್ದು. ರೋಲರುಗಳು ಒಂದೇ ಬಗೆಯ ಬೂದು ಹೊಳಪಿನಿಂದಿದ್ದರೆ ಚಿಂತೆಯಿಲ್ಲ. ನೀಲಿ ಅಥವಾ ಕಂದು ಬಣ್ಣವು ಕಾದುದರ ಗುರುತು. ಸೂಜಿಯಿಂದ ಚುಚ್ಚಿದಂತಹ ಕುಳಿಗಳು, ಉಗುರಿಗೆ ತಗಲುವ ಗೀರುಗಳು, ಗೂಡಿನ ಬಿರುಕು ಇವುಗಳಲ್ಲಿ ಯಾವುದು ಕಂಡರೂ ಆ ಬೇರಿಂಗು ಮುಗಿಯಿತೆಂದೇ ತಿಳಿಯಬೇಕು. ಹಬ್‌ನಲ್ಲಿ ಕೂತಿರುವ ಹೊರಬಳೆಯನ್ನೂ ಹೀಗೆಯೇ ಬೆರಳಾಡಿಸಿ ನೋಡಬೇಕು. ಬದಲಾಯಿಸುವಾಗ ಒಳಬಳೆ ಹೊರಬಳೆಗಳೆರಡನ್ನೂ ಜೊತೆಯಾಗಿಯೇ ಬದಲಾಯಿಸಬೇಕು. ಹೊಸ ರೋಲರು ಹಳೆಯ ಬಳೆಯ ಮೇಲೆ ಬಹುಕಾಲ ಬಾಳದು. ಬಳೆಯ ಮುಖದ ಮೇಲೆ ಕೊರೆದಿರುವ ನಂಬರನ್ನು ಬರೆದುಕೊಂಡು, ಸಾಧ್ಯವಾದರೆ ಹಳೆಯದನ್ನೇ ಒಯ್ದು, ರಸೀದಿ ಕೊಡುವ ಅಂಗಡಿಯಲ್ಲಿ ಕೊಳ್ಳಬೇಕು. ಹೆಸರುವಾಸಿಯಾದ ಕಂಪೆನಿಗಳ ಡಬ್ಬಿಯಲ್ಲಿ ನಕಲಿ ಬೇರಿಂಗುಗಳು ಬರುವುದುಂಟು. ಹೊರಬಳೆಯನ್ನು ಹೊಡೆದು ತೆಗೆಯುವ ಮತ್ತು ಕೂರಿಸುವ ಕೆಲಸ ಅಭ್ಯಾಸವಿಲ್ಲದವರಿಗೆ ತಕ್ಕದ್ದಲ್ಲ; ಓರೆಯಾಗಿ ಕೂತರೆ ಹಬ್ಬೇ ಕೆಡುತ್ತದೆ. ಅಷ್ಟಕ್ಕೆ ಮಾತ್ರ ಹಬ್ಬನ್ನು ಕಾರ್ಖಾನೆಗೆ ಒಯ್ಯುವುದು ಮೇಲು. ಅಚ್ಚಿನ ಮೇಲೆ ಬಳೆಯು ಸುತ್ತಿದ ಗುರುತಿದ್ದರೂ ಹಾಗೆಯೇ.

ಗ್ರೀಸು ತುಂಬುವುದು

ಈ ಕೆಲಸದ ಹೃದಯವೇ ಇದು. ಬೇರಿಂಗಿನ ಹೊರಗೆ ಗ್ರೀಸು ಬಳಿದರೆ ಪ್ರಯೋಜನವಿಲ್ಲ. ಅದು ರೋಲರುಗಳ ನಡುವೆ, ಗೂಡಿನ ಒಳಗೆ ಹೋಗಬೇಕು. ಕೈಗಳನ್ನು ಸಾಬೂನಿನಿಂದ ತೊಳೆದು, ಎಡದ ಅಂಗೈಯಲ್ಲಿ ನಿಂಬೆಹಣ್ಣಿನ ಗಾತ್ರದ ಗ್ರೀಸನ್ನಿಟ್ಟುಕೊಂಡು, ಬೇರಿಂಗಿನ ಅಗಲವಾದ ಕಡೆಯನ್ನು ಅಂಗೈಗೆ ಒತ್ತಿ ಒತ್ತಿ ಎಳೆಯಬೇಕು. ರೊಟ್ಟಿಯ ಹಿಟ್ಟನ್ನು ಅಂಗೈಯ ಬುಡದಿಂದ ಅದುಮುವ ರೀತಿ ಇದಕ್ಕೆ ಹೊಂದುತ್ತದೆ. ಸ್ವಲ್ಪ ಹೊತ್ತಿಗೆ ಗ್ರೀಸು ಮತ್ತೊಂದು ಕಡೆಯಿಂದ ಶಾವಿಗೆಯಂತೆ ಹೊರಬರುತ್ತದೆ. ಹೀಗೆ ತಿರುಗಿಸುತ್ತ ಸುತ್ತಲೂ ಹೊರಬರುವವರೆಗೆ ಮಾಡಿ, ಕಡೆಗೆ ರೋಲರುಗಳ ಮೇಲೊಂದು ಲೇಪವನ್ನು ಕೊಡಬೇಕು.

ಹಬ್‌ನ ಒಳಗಿನ ಟೊಳ್ಳನ್ನು ಪೂರ್ತಿಯಾಗಿ ತುಂಬಬಾರದು. ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ಸಾಕು. ಹೆಚ್ಚು ತುಂಬಿದರೆ ಗ್ರೀಸು ತನ್ನಷ್ಟಕ್ಕೆ ತಾನೇ ಕಲಕಿಕೊಂಡು ಕಾಯುತ್ತದೆ, ಹಿಗ್ಗಿ ಸೀಲನ್ನು ಒತ್ತಿ ಹೊರಕ್ಕೆ ಬರುತ್ತದೆ. ಕೆಲವು ಹಬ್‌ಗಳಿಗೆ ಗ್ರೀಸ್ ಗನ್ನಿನಿಂದ ಒತ್ತುವ ನಿಪ್ಪಲ್ಲಿರುತ್ತದೆ. ಅದು ಅನುಕೂಲವೇ ಸರಿ. ಆದರೆ ಎಷ್ಟು ಹೋಯಿತೆಂಬುದು ಕಣ್ಣಿಗೆ ಕಾಣದೆ, ಬಲವಾಗಿ ಒತ್ತಿದವರು ಸೀಲನ್ನೇ ಕಿತ್ತುಬಿಡುವುದುಂಟು. ನಿಪ್ಪಲ್ಲಿದೆಯೆಂದು ವರ್ಷಕ್ಕೊಮ್ಮೆ ಬಿಚ್ಚಿ ನೋಡುವುದನ್ನು ನಿಲ್ಲಿಸಬಾರದು.

ಒಳಬೇರಿಂಗನ್ನು ಅದರ ಸ್ಥಳದಲ್ಲಿಟ್ಟು ಹೊಸ ಸೀಲನ್ನು, ಸ್ಪ್ರಿಂಗಿರುವ ಮುಖವು ಬೇರಿಂಗಿನ ಕಡೆಗಿರುವಂತೆ, ಒಂದು ಹಲಗೆಯನ್ನು ಮೇಲಿಟ್ಟು ಸಮವಾಗಿ ತಟ್ಟಿ ಕೂರಿಸಬೇಕು. ಸೀಲಿನ ತುಟಿಗೂ ಅಚ್ಚಿಗೂ ಸ್ವಲ್ಪ ಗ್ರೀಸು ಸವರಿ, ಹಬ್ಬನ್ನು ನೇರವಾಗಿ ಏರಿಸಿ, ಹೊರಬೇರಿಂಗು, ವಾಷರು, ನಟ್ಟುಗಳನ್ನು ಹಾಕಬೇಕು.

ನಟ್ಟಿನ ಬಿಗಿ

ಗ್ರೀಸು ಹಾಕುವುದರಲ್ಲಿ ತಪ್ಪುವವರಿಗಿಂತ ನಟ್ಟನ್ನು ಬಿಗಿಯುವುದರಲ್ಲಿ ತಪ್ಪುವವರೇ ಹೆಚ್ಚು. ಬಿಗಿಯಾಗಿದ್ದಷ್ಟೂ ಭದ್ರವೆಂಬ ಭಾವನೆಯು ಬೇರೆ ನಟ್ಟುಗಳಿಗೆ ಸರಿ, ಈ ನಟ್ಟಿಗೆ ಸಲ್ಲದು. ಮೊದಲು ಹಬ್ಬನ್ನು ಕೈಯಿಂದ ತಿರುಗಿಸುತ್ತಲೇ ನಟ್ಟನ್ನು ಬಿಗಿಯುತ್ತ ಹೋಗಿ, ಹಬ್ ಭಾರವಾಗಿ ತಿರುಗುವ ಹಂತಕ್ಕೆ ತರಬೇಕು. ಇದರಿಂದ ರೋಲರುಗಳು ತಮ್ಮ ಸ್ಥಾನಗಳಲ್ಲಿ ಕೂರುತ್ತವೆ. ಅನಂತರ ನಟ್ಟನ್ನು ಆರನೆಯ ಒಂದು ಸುತ್ತಿನಿಂದ ಕಾಲು ಸುತ್ತಿನೊಳಗೆ ಹಿಂದಕ್ಕೆ ತಿರುಗಿಸಿ, ಪಿನ್ನಿನ ತೂತಿಗೆ ಸರಿಹೊಂದುವ ಕಚ್ಚಿನಲ್ಲಿ ನಿಲ್ಲಿಸಬೇಕು. ಈಗ ಹಬ್ ಸರಾಗವಾಗಿ ತಿರುಗಬೇಕು. ಹಿಡಿದು ಅಲ್ಲಾಡಿಸಿದರೆ ಇದೆಯೋ ಇಲ್ಲವೋ ಎನ್ನುವಷ್ಟು, ಎಂದರೆ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಮಾತ್ರ, ಸಡಿಲವಿರಬೇಕು. ಟ್ರೈಲರು ಮಾಡಿದವರು ಪುಸ್ತಕ ಕೊಟ್ಟಿದ್ದು ಅದರಲ್ಲಿ ಬೇರೆ ಅಳತೆಯಿದ್ದರೆ ಅದೇ ಪ್ರಮಾಣ. ಹೊಸ ಪಿನ್ನನ್ನು ಹಾಕಿ ಕಾಲುಗಳನ್ನು ಬಗ್ಗಿಸಿ ಮುಚ್ಚಳವನ್ನು ತಟ್ಟಬೇಕು. ಪಿನ್ನಿಗೆ ಬದಲು ಮೊಳೆಯನ್ನೋ ತಂತಿಯನ್ನೋ ಹಾಕಿರುವುದನ್ನು ಬಹಳ ಟ್ರೈಲರುಗಳಲ್ಲಿ ಕಾಣಬಹುದು. ನಟ್ಟನ್ನು ಹಿಡಿದಿರುವುದು ಅದೊಂದೇ ಆದುದರಿಂದ ಇಲ್ಲಿ ಜಿಪುಣತನ ಕೂಡದು.

ಗಾಲಿಯನ್ನು ಹಾಕಿ ಅದರ ನಟ್ಟುಗಳನ್ನು ಎದುರುಬದಿರಾಗಿ ಬಿಗಿದು, ನೆಲಕ್ಕಿಳಿಸಿದ ಮೇಲೆ ಪೂರ್ತಿ ಬಿಗಿಯಬೇಕು. ಖಾಲಿ ಟ್ರೈಲರನ್ನು ನಾಲ್ಕೈದು ಕಿಲೋಮೀಟರು ಎಳೆದು ಹಬ್‌ನ ಮೇಲೆ ಅಂಗೈಯಿಡಬೇಕು. ಬೆಚ್ಚಗಿದ್ದರೆ ಸರಿ. ಕೈಯಿಡಲಾರದಷ್ಟು ಕಾದಿದ್ದರೆ ನಟ್ಟು ಬಿಗಿಯಾಗಿದೆ ಅಥವಾ ಬೇರಿಂಗು ಸರಿಯಾಗಿ ಕೂತಿಲ್ಲ; ಪುನಃ ಬಿಚ್ಚಿ ನೋಡತಕ್ಕದ್ದು. ಎಡಬಲಗಳ ಹಬ್‌ಗಳನ್ನು ಹೋಲಿಸಿ ನೋಡುವುದು ಎಲ್ಲಕ್ಕಿಂತ ಸುಲಭವಾದ ಪರೀಕ್ಷೆ. ಗಾಲಿಯ ನಟ್ಟುಗಳನ್ನು ಆಗಲೇ ಇನ್ನೊಮ್ಮೆ ಬಿಗಿದು ನೋಡಬೇಕು.

ಯಾವಾಗ ಮಾಡಬೇಕು?

ಒಣ ದಾರಿಯಲ್ಲಿ ಓಡುವ ಟ್ರೈಲರಿಗೆ ವರ್ಷಕ್ಕೊಮ್ಮೆ, ಕೆಸರು ನೀರುಗಳಲ್ಲಿ ಓಡುವುದಕ್ಕೆ ಎರಡು ಸಾರಿ ಮಾಡುವುದು ಯುಕ್ತ. ಹಬ್ ಪೂರ್ತಿಯಾಗಿ ನೀರಿನಲ್ಲಿ ಮುಳುಗಿ ಬಹಳ ಹೊತ್ತು ನಿಂತಿದ್ದರೆ ಕಾಲವನ್ನು ಕಾಯದೆ ಬಿಚ್ಚಬೇಕು. ನಮ್ಮ ಸೀಮೆಯಲ್ಲಿ ಮಹಾನವಮಿಯ ದಿನ ಟ್ರಾಕ್ಟರು ಟ್ರೈಲರುಗಳನ್ನು ತೊಳೆದು, ಬಾಳೆಕಂದು ಕಟ್ಟಿ, ಕುಂಕುಮವಿಟ್ಟು, ಬೂದುಗುಂಬಳವನ್ನು ಒಡೆಯುವ ಪದ್ಧತಿಯಿದೆ. ಮಳೆಯು ಹಿಂದೆಗೆದು ರಾಗಿಯ ಕೊಯ್ಲು ಇನ್ನೂ ಬಾರದ ಆ ವಾರಕ್ಕಿಂತ ಅನುಕೂಲವಾದ ಕಾಲ ಮತ್ತೊಂದಿಲ್ಲ. ಪೂಜೆಗೆ ಎರಡು ದಿನ ಮೊದಲೇ ಹಬ್‌ನ ಮುಚ್ಚಳವನ್ನು ತೆಗೆದರೆ ತೊಳೆಯುವ ಕೆಲಸವೂ ಅದರೊಡನೆಯೇ ಮುಗಿಯುತ್ತದೆ. ಎರಡನೆಯ ಸಾರಿಯದನ್ನು ಯುಗಾದಿಯ ಸುಮಾರಿಗೆ, ಗೊಬ್ಬರ ಸಾಗಿಸುವುದಕ್ಕೆ ಮೊದಲು ಇಟ್ಟುಕೊಳ್ಳಬಹುದು.

ತೊಳೆದ ಡೀಸೆಲನ್ನು ಕಾಲುವೆಗಾಗಲಿ ದನಗಳು ಕುಡಿಯುವ ತೊಟ್ಟಿಯ ಸಮೀಪಕ್ಕಾಗಲಿ ಚೆಲ್ಲಬಾರದು. ಮುಚ್ಚಳವಿರುವ ಡಬ್ಬಿಯಲ್ಲಿ ಒಂದು ದಿನ ಬಿಟ್ಟರೆ ಕೆಸರು ತಳಕ್ಕಿಳಿಯುತ್ತದೆ. ಮೇಲಿನ ತಿಳಿಯನ್ನು ಮುಂದಿನ ಹಬ್‌ನ ಮೊದಲ ತೊಳೆತಕ್ಕೆ ಇಟ್ಟುಕೊಳ್ಳಬಹುದು. ಗ್ರೀಸಿನ ಡಬ್ಬಿಯನ್ನು ಕೆಲಸವಾದ ಕೂಡಲೇ ಮುಚ್ಚಿಡಬೇಕು, ಏಕೆಂದರೆ ಅದರಲ್ಲಿ ಬಿದ್ದ ಒಂದು ಚಿಟಿಕೆ ಮರಳು ನೇರವಾಗಿ ಬೇರಿಂಗಿಗೇ ಹೋಗುತ್ತದೆ. ಗ್ರೀಸು ಹಾಕಿದ ತಾರೀಖನ್ನೂ ಬೇರಿಂಗಿನ ನಂಬರನ್ನೂ ಟ್ರೈಲರಿನ ಮುಂದಿನ ಹಲಗೆಯ ಒಳಮುಖದಲ್ಲಿ ಬಣ್ಣದಿಂದ ಬರೆದಿಟ್ಟರೆ, ಟ್ರೈಲರನ್ನು ಬಾಡಿಗೆಗೆ ಒಯ್ದವರಿಗೂ ಅದು ಕಾಣುತ್ತದೆ.